ರಂಗೂನಿನ ತನಕ ಗಂಡುದಿಕ್ಕು

ನನ್ನ ಮದುವೆಯಾದ ವರ್ಷವೇ ಗಂಡ ರಂಗೂನಿಗೆ ಹೋದರು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ ಅವರನ್ನು ಒಬ್ಬ ತೆಲುಗು ಮೇಸ್ತ್ರಿ, ಅಲ್ಲಿನ ಗಿರಣಿಗಳು ಊರಿನಷ್ಟು ದೊಡ್ಡವು ಎಂದು ಹೇಳಿ ಕರೆದುಕೊಂಡು ಹೋಗಿದ್ದ. ಕೆಲವು ವರ್ಷಗಳ ಮೇಲೆ, ಇರಲು ಕೋಣೆ ಸಿಕ್ಕಿದೆ, ಹೆಂಡತಿಯನ್ನು ಕಳಿಸಿರಿ ಎಂದು ಹೇಳಿ ಕಳಿಸಿದರು. ಯಲಬುರ್ಗಾದ ನಮ್ಮ ಮನೆಯಲ್ಲಿ ಹಡಗು ಹೇಗಿರುತ್ತದೆ, ಸಮುದ್ರ ಎಷ್ಟು ದೂರ ಎಂದು ಯಾರೂ ಕೇಳಲಿಲ್ಲ. ಹೆಣ್ಣುಮಗಳು ಒಬ್ಬಳೇ ಹೇಗೆ ಹೋಗುತ್ತಾಳೆ ಎಂಬುದನ್ನೇ ಹಿಡಿದು ಕೂತರು.

ನನ್ನ ತಂದೆ ಗಂಗಾವತಿಯ ತಹಶೀಲ ಕಚೇರಿಯಲ್ಲಿ ಜವಾನರಾಗಿದ್ದರು. ಅವರಿಂದ ನಾನು ಉರ್ದು ಓದುವುದನ್ನು ಕಲಿತಿದ್ದೆ. ಪಕ್ಕದ ಮನೆಯವರಿಂದ ತೆಲುಗು ಬಂದಿತ್ತು. ಅಂಜುತ್ತಲೇ ಅದನ್ನು ಅತ್ತೆಯವರ ಮುಂದೆ ಹೇಳಿ ನೋಡಿದೆ.

"ಮಾತು ಬಂದ್ರ ಏನಾತವಾ? ಸಂಗಾಟ ಗಂಡಸು ಬೇಕಲ್ಲ," ಎಂದರು.

ಗಂಡಸಾಗಿ ಸಿಕ್ಕವರು ಅತ್ತೆಯವರ ತಮ್ಮ; ನಾನು ಮಾವ ಎಂದು ಕರೆಯುತ್ತಿದ್ದೆ. ಊರು ಮಂಗಳೂರು. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾದ ಹತ್ತಿರವೇ ಎರೆಹೊಲಗಳ ನಡುವೆ ಇರುವ ಮಂಗಳೂರು. ಅತ್ತ ಕುಷ್ಟಗಿ, ಇತ್ತ ಕೊಪ್ಪಳ ಬಿಟ್ಟರೆ ಅವರು ಬೇರೆ ಊರು ಕಂಡವರಲ್ಲ. ಆದರೆ ಆಳು ಎತ್ತರ, ರುಮಾಲು ದೊಡ್ಡದು, ಮೀಸೆಯಂತೂ ಯಾವ ದೇಶಕ್ಕಾದರೂ ಒಯ್ಯುವಂಥದ್ದು. ಅವರು ನಡುಮನೆಯಲ್ಲಿ ಕೂತು, "ನಾ ಅದೀನಲ್ಲ, ಅಂಜಬ್ಯಾಡ ತಂಗಿ," ಎಂದ ಕೂಡಲೇ ಮನೆಯವರೆಲ್ಲರ ಚಿಂತೆ ಹೋಯಿತು. ಅದು ನನ್ನ ಪಾಲಿಗೆ ಬಂತು.

ಕೊಪ್ಪಳ ಸ್ಟೇಷನ್ನಿನಲ್ಲಿ ಸುಂಕದವನು ಟ್ರಂಕು ತೆಗೆಯಲು ಹೇಳಿದಾಗ ಮಾವನವರು ಸೊಂಟ ಮುಟ್ಟಿಕೊಂಡರು, ಕೊರಳು ಮುಟ್ಟಿಕೊಂಡರು, ರುಮಾಲು ಬಿಚ್ಚಿ ಝಾಡಿಸಿದರು. ಕೀಲಿಕೈ ಮನೆಯ ಗೂಟದಲ್ಲೇ ಉಳಿದಿತ್ತು. ಅವರು ರುಮಾಲು ಮತ್ತೆ ಸುತ್ತುವುದನ್ನು ಸುಂಕದವನು ನೋಡುತ್ತ ನಿಂತು, ಬೇಸತ್ತು, ಹೋಗಿರಿ ಎಂದ.

"ನೋಡಿದ್ಯಾ? ನಿಜಾಮ ಸರಕಾರದವರೂ ನಮ್ಮನ್ನ ತಡೀಲಿಲ್ಲ," ಎಂದರು ಮಾವ.

ಗುಂತಕಲ್ಲಿನಲ್ಲಿ ಗಾಡಿ ಬದಲಿಸಬೇಕಿತ್ತು. ನನ್ನನ್ನು ಟ್ರಂಕಿನ ಮೇಲೆ ಕೂರಿಸಿ, "ಇಲ್ಲಿಂದ ಅಲುಗಾಡಬ್ಯಾಡ. ಮದ್ರಾಸಿನ ಗಾಡಿ ಯಾವುದು ಅಂತ ಕೇಳ್ಕೊಂಡು ಬರ್ತೀನಿ," ಎಂದು ಹೋದರು. ಭಾಳ ಹೊತ್ತಾದರೂ ಬರಲಿಲ್ಲ. ಕತ್ತು ಚಾಚಿ ನೋಡಿದೆ. ಎದುರಿನ ಗಾಡಿಯ ಕಿಟಕಿಯಲ್ಲಿ ಆ ಮೀಸೆ ಕಾಣಿಸಿತು. ಅದು ನಾವು ಬಂದ ಕಡೆಗೇ ಹೊರಟು ನಿಂತಿದ್ದ ಹುಬ್ಬಳ್ಳಿ ಗಾಡಿ. ಮಾವ ಪಕ್ಕದವರಿಗೆ ಶೇಂಗಾ ಚಟ್ನಿ ಬಡಿಸುತ್ತಿದ್ದರು. ನಾನು ಸೆರಗು ಸಿಗಿಸಿಕೊಂಡು ಓಡಿದೆ.

"ಮಾವಾರ, ಇಳೀರಿ! ಇದು ಊರಿಗೆ ಹೋಗೋ ಗಾಡಿರಿ!"

ಅವರು ಇಳಿದರು. ಗಾಡಿ ಸಾಗುವುದನ್ನು ನೋಡಿದರು. ಆಮೇಲೆ ನನ್ನ ಮೇಲೆ ಕಣ್ಣು ಬಿಟ್ಟರು. "ಅಲುಗಾಡಬ್ಯಾಡ ಅಂದಿದ್ದೆನಲ್ಲ! ಹಿಂಗ ಸಿಕ್ಕಸಿಕ್ಕಲ್ಲಿ ಓಡಿದ್ರ ನಾ ನಿನ್ನ ಎಲ್ಲಿ ಅಂತ ಹುಡುಕ್ಲಿ?"

ಟಿಕೀಟುಗಳನ್ನು ಅವತ್ತೇ ಕೇಳಿ ಇಸಿದುಕೊಂಡು ನನ್ನ ಕುಪ್ಪಸದಲ್ಲಿಟ್ಟುಕೊಂಡೆ. ಕೊಡುವಾಗ ಅವರು, "ಜ್ವಾಕಿ, ಕಳದೀ," ಎಂದು ಎಚ್ಚರಿಸಿದರು.

ಮದ್ರಾಸಿನ ಬಂದರಿನಲ್ಲಿ ಹಡಗು ಹತ್ತುವವರಿಗೆಲ್ಲ ಸಿಡುಬಿನ ಲಸಿಕೆ ಹಾಕುತ್ತಿದ್ದರು. ಮಾವ ಹಾಕಿಸಿಕೊಂಡು ಹೊರಗೆ ಬಂದು, ಉದ್ದನೆಯ ಸಾಲೊಂದನ್ನು ಕಂಡು, ಹಡಗಿನ ಸಾಲು ಇದೇ ಎಂದು ಹೋಗಿ ನಿಂತರು. ಅದು ಅವರು ಬಿಟ್ಟುಬಂದ ಸಾಲಿನ ಬಾಲವೇ ಆಗಿತ್ತು. ನಾನು ಹೆಂಗಸರ ಕೋಣೆಯಿಂದ ಬರುವಷ್ಟರಲ್ಲಿ ಎರಡೂ ತೋಳಿಗೆ ಹಾಕಿಸಿಕೊಂಡು, ತೋಳುಗಳನ್ನು ಮೈಯಿಂದ ದೂರ ಹಿಡಿದು, ಹಾರಲು ಹೊರಟ ಹಕ್ಕಿಯಂತೆ ನಿಂತಿದ್ದರು.

"ಕಂಪನಿ ಸರಕಾರದಾಗ ಕಾಳಜಿ ಭಾಳ," ಎಂದರು.

ಇಲ್ಲಿನ ಸುಂಕದ ಸಾಹೇಬ ಮಾತ್ರ ಬಿಡಲಿಲ್ಲ. ಟ್ರಂಕಿನ ಕೀಲಿ ಒಡೆಸಿದ. ಮಾವನವರ ಧೋತರ, ಅಂಗಿ ಇರಬೇಕಾದಲ್ಲಿ ಎತ್ತುಗಳ ಗೆಜ್ಜೆಸರ, ಕೋಡಿಗೆ ಹಾಕುವ ಹಿತ್ತಾಳೆಯ ಅಣಸು, ಬೆನ್ನಿಗೆ ಹೊದಿಸುವ ಕನ್ನಡಿ ಹೊಲಿದ ಜೂಲ ಇದ್ದವು. ಮನೆಯಲ್ಲಿದ್ದ ಒಂದೇ ತರಹದ ಎರಡು ಟ್ರಂಕುಗಳಲ್ಲಿ, ಕಾರಹುಣ್ಣಿಮೆಗೆ ಎತ್ತು ಸಿಂಗರಿಸುವ ಸಾಮಾನಿನದನ್ನು ಎತ್ತಿಕೊಂಡು ಬಂದಿದ್ದರು. ಸಾಹೇಬ ಗೆಜ್ಜೆಸರವನ್ನು ಎರಡು ಬೆರಳಲ್ಲಿ ಎತ್ತಿ ಅಲುಗಾಡಿಸಿ, ಎತ್ತುಗಳು ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದ. ನಾನು ಮಾವನವರಿಗೆ ಕನ್ನಡದಲ್ಲಿ ಹೇಳಿದೆ.

"ಎತ್ತು ಮನ್ಯಾಗ ಅದಾವು ಅಂತ ಹೇಳು," ಎಂದರು ಮಾವ. "ಹೊಲದ ಕೆಲಸ ಬಿಟ್ಟು ಅವು ಹೆಂಗ ಬರ್ತಾವು? ಸಾಹೇಬಗ ಅಷ್ಟೂ ತಿಳಿಯೂದಿಲ್ಲೇನು?"

ಅಷ್ಟೂ ನಾನು ತೆಲುಗಿಗೆ ತರಲಿಲ್ಲ. ದೇವರ ಸಾಮಾನು ಎಂದೆ. ಬಿಟ್ಟರು.

ಹಡಗಿನಲ್ಲಿ ನಮ್ಮಂಥವರಿಗೆ ಮೇಲಿನ ಬಯಲು ಹಲಗೆಯೇ ಜಾಗ. ಗಾಳಿ ಜೋರಾದಾಗ ಹೊದೆಯಲು ಮಾವನವರ ಬಳಿ ಬೇರೇನೂ ಇರಲಿಲ್ಲ. ಎತ್ತಿನ ಜೂಲವನ್ನೇ ಹೊದ್ದು ಕೂತರು. ಬಿಸಿಲಿಗೆ ಅದರ ಕನ್ನಡಿಗಳು ಮಿಂಚುತ್ತಿದ್ದರೆ ಜನ ಅವರನ್ನು ಯಾವುದೋ ಸಂಸ್ಥಾನದವರೆಂದು ತಿಳಿದು ಸರಿದು ಜಾಗ ಬಿಡುತ್ತಿದ್ದರು. ಊರು ಯಾವುದೆಂದು ಕೇಳಿದವರಿಗೆಲ್ಲ "ಮಂಗಳೂರು" ಎನ್ನುತ್ತಿದ್ದರು. ಕೇಳಿದವರು ಸಮುದ್ರದ ದಂಡೆಯ ಮನುಷ್ಯನೆಂದು ನಂಬಿ, ಬಿರುಗಾಳಿ ಬರುತ್ತದೆಯೇ ಎಂದು ಕೈಸನ್ನೆ ಮಾಡಿ ಕೇಳುವರು. ಮಾವ ಎದ್ದು, ಹಣೆಗೆ ಕೈ ಹಚ್ಚಿ, ಹೊಲದ ಬದುವಿನ ಮೇಲೆ ನಿಂತು ಮುಗಿಲು ನೋಡುವಂತೆ ನೋಡಿ, ಇಲ್ಲವೆಂದು ತಲೆ ಅಲ್ಲಾಡಿಸುವರು. ಬರಲೂ ಇಲ್ಲ. ಅವರ ಹೆಸರು ಹಡಗಿನಲ್ಲೆಲ್ಲ ಹಬ್ಬಿತು.

ನನಗೆ ಮಾತ್ರ ನೀರಿನ ತೂಗಾಟಕ್ಕೆ ಹೊಟ್ಟೆಯಲ್ಲಿ ಒಂದು ಹನಿ ನಿಲ್ಲದಾಯಿತು. ತಲೆ ಎತ್ತಲೂ ಆಗುತ್ತಿರಲಿಲ್ಲ. ಆಗ ಮಾವ ಎಲ್ಲಿಯೂ ಹೋಗಲಿಲ್ಲ. ತಂಬಿಗೆ ಹಿಡಿದು ಪಕ್ಕದಲ್ಲೇ ಕೂತರು. ಯಾರ ಒಲೆಯನ್ನೋ ಕೇಳಿ ಪಡೆದು ಜೋಳದ ಹಿಟ್ಟಿನ ಅಂಬಲಿ ಕಾಸಿ ತಂದರು. ಉಪ್ಪು ಮರೆತಿದ್ದರು. ಮತ್ತೆ ಹೋಗಿ ತಂದಾಗ ಉಪ್ಪು ಎರಡು ಸಲ ಬಿದ್ದಿತ್ತು. "ಕುಡಿ ಯವ್ವಾ, ನನ್ನ ಅಕ್ಕಗ ಏನಂತ ಹೇಳ್ಲಿ ನಾ," ಎನ್ನುತ್ತ ತಂಬಿಗೆಯನ್ನು ನನ್ನ ಬಾಯಿಗೆ ಹಿಡಿದರು. ಕಣ್ಣು ಮುಚ್ಚಿ ಕುಡಿದೆ. ಅದು ಹೊಟ್ಟೆಯಲ್ಲಿ ನಿಂತಿತು.

ರಂಗೂನು ಬಂತು. ಜನ ಇಳಿಯಲು ಒಮ್ಮೆಲೇ ನುಗ್ಗಿದರು. "ನನ್ನ ಹಿಂದ ಬಾ, ತಲಿ ಎತ್ತಬ್ಯಾಡ," ಎಂದು ಮಾವ ಮುಂದಾದರು. ನಾನು ಗಂಟು ಎತ್ತಿಕೊಳ್ಳಲು ಬಗ್ಗಿ ಏಳುವಷ್ಟರಲ್ಲಿ ಅವರು ಜನರನ್ನು ಎರಡೂ ಕೈಯಿಂದ ಸೀಳುತ್ತ, "ಹಾದಿ ಬಿಡ್ರಿ, ಹೆಣ್ಣುಮಗಳು ಅದಾಳ," ಎಂದು ಗರ್ಜಿಸುತ್ತ ಇಳಿದು ಹೋಗಿದ್ದರು. ಅವರ ಬೆನ್ನಿಗೆ ಕೆಂಪು ಸೀರೆಯ ಒಬ್ಬ ತೆಲುಗು ಹೆಂಗಸು, ಇಂಥ ಉಪಕಾರಿಯನ್ನು ದೇವರೇ ಕಳಿಸಿದನೆಂದು, ಸೆರಗು ಮುಚ್ಚಿಕೊಂಡು ಇಳಿಯುತ್ತಿದ್ದಳು. ನನ್ನದೂ ಕೆಂಪು ಸೀರೆ.

ಕೆಳಗೆ ನನ್ನ ಗಂಡ ನಿಂತಿದ್ದರು. ಮಾವ ಹೋಗಿ ಅವರ ಭುಜ ತಟ್ಟಿ, "ಹಿಡಿಯಪಾ ನಿನ್ನ ಹೆಂಡ್ತೀನ. ಕೂದಲೂ ಕೊಂಕದಂಗ ತಂದೀನಿ," ಎಂದದ್ದು ನನಗೆ ಮೇಲಿನವರೆಗೆ ಕೇಳಿಸಿತು. ಮಾವನವರದು ಬಿಡಿ. ನನ್ನ ಗಂಡ ಆ ಸೆರಗಿನ ಕಡೆ ನೋಡಿ ನಾಚಿ ನಕ್ಕರು. ಅದನ್ನು ನಾನು ಎಷ್ಟೋ ವರ್ಷ ಅವರಿಗೆ ಎತ್ತಿ ಆಡಿದ್ದೇನೆ. ಅಷ್ಟರಲ್ಲಿ ಆಕೆಯ ಗಂಡ ಬಂದು ಕೂಗಾಡತೊಡಗಿದ. ನಾನು ತಲೆಯ ಮೇಲೆ ಗಂಟು, ಕಂಕುಳಲ್ಲಿ ಜೂಲ, ಕೂಲಿಯವನ ಕೈಯಲ್ಲಿ ಗೆಜ್ಜೆ ಝಣಗುಟ್ಟುವ ಟ್ರಂಕು ಹೊರಿಸಿಕೊಂಡು ಇಳಿದು, ತೆಲುಗಿನಲ್ಲಿ ಆತನನ್ನು ಸಮಾಧಾನ ಮಾಡಿದೆ. ಎಲ್ಲ ತಣ್ಣಗಾದ ಮೇಲೆ ಗಂಡ ಮಾವನವರ ಕಾಲು ಮುಟ್ಟಿ, "ನೀವು ಇರಲಿಲ್ಲಂದ್ರ ಈಕಿ ಹೆಂಗ ಬರ್ತಿದ್ಲು, ಮಾಮಾ," ಎಂದರು.

ಇನ್ನು ಮಾವನವರನ್ನು ಊರಿಗೆ ಮುಟ್ಟಿಸಬೇಕಿತ್ತು. ಒಬ್ಬರನ್ನೇ ಕಳಿಸಲು ಗಂಡನಿಗೆ ಧೈರ್ಯ ಬರಲಿಲ್ಲ, ಕಾರಣ ಕೇಳಿದರೆ ಹೇಳಲೂ ಇಲ್ಲ. ಆ ಮಳೆಗಾಲವೆಲ್ಲ ನಮ್ಮ ಒಂದೇ ಕೋಣೆಯಲ್ಲಿ ಉಂಡು, ಓಣಿಯ ಬರ್ಮಾದ ಮುದುಕರ ಜೊತೆ ಭಾಷೆಯಿಲ್ಲದೆ ಹರಟೆ ಹೊಡೆದು ಕಳೆದರು. ಕಡೆಗೆ ಮೇಸ್ತ್ರಿಯ ಅತ್ತೆ ಬಳ್ಳಾರಿಗೆ ಹೊರಟಾಗ ಆಕೆಯ ಸಂಗಡ ಕಳಿಸಿದೆವು. ಆ ಮುದುಕಿಗೆ ಗಂಡುದಿಕ್ಕು ಸಿಕ್ಕಿತೆಂದು ಮೇಸ್ತ್ರಿಯ ಮನೆಯವರು ನಮಗೆ ಕೈಮುಗಿದರು.

ಯುದ್ಧದ ಮಾತು ಶುರುವಾದಾಗ ನಾವೂ ಊರಿಗೆ ಮರಳಿದೆವು. ಅಷ್ಟರಲ್ಲಿ ಯಲಬುರ್ಗಾದ ಓಣಿಯಲ್ಲಿ ನಾನು ಗುಂತಕಲ್ಲಿನಲ್ಲಿ ತಪ್ಪಿಸಿಕೊಂಡು, ಮಾವ ಓಡುವ ಗಾಡಿಯಿಂದ ಜಿಗಿದು ಹುಡುಕಿ ತಂದದ್ದು ಎಲ್ಲರಿಗೂ ಗೊತ್ತಿತ್ತು. ಸುತ್ತಲಿನ ಊರುಗಳಲ್ಲಿ ಯಾರ ಮಗಳು ದೂರ ಹೊರಟರೂ ಮೊದಲು ಮಾವನವರ ಮನೆಗೆ ಹೋಗಿ ಕೇಳುವರು. ಸೊಲ್ಲಾಪುರದ ಗಿರಣಿ ಕೆಲಸಕ್ಕೆ ಹೋಗಿದ್ದ ಗಂಡನ ಬಳಿಗೆ ನಮ್ಮ ನಾದಿನಿಯನ್ನು ಕಳಿಸುವಾಗಲೂ ಅತ್ತೆಯವರು ತಮ್ಮನನ್ನೇ ಕರೆಸಿದರು. ನಾದಿನಿ ಅಡುಗೆಮನೆಗೆ ಬಂದು, "ವೈನಿ, ಹಾದ್ಯಾಗ ಏನು ಕಾಳಜಿ ಮಾಡ್ಬೇಕ?" ಎಂದು ಕೇಳಿದಳು. ಗದಗಿನಲ್ಲಿ ಗಾಡಿ ಬದಲಿಸುವುದನ್ನು ಹೇಳಿಕೊಟ್ಟೆ. ಹೊತ್ತಿಗೆ ಸರಿಯಾಗಿ ಮಾವನವರಿಗೆ ಉಣ್ಣಲು ಕೊಡು, ಅವರ ಕೈ ಮಾತ್ರ ಬಿಡಬೇಡ ಎಂದೆ.