ಪೊದ್ದಾರರ ಕೊಡೆ

ನನ್ನ ಗಂಡ ತಸೀರುದ್ದೀನ್ ನಮ್ಮ ನೌಗಾಂವ್ ಸೀಮೆಗೆಲ್ಲ ಹೆಸರಾದ ಪೊದ್ದಾರರು. ಗಾಂಜಾ ಹೊಲದಲ್ಲಿ ಗಂಡು ಗಿಡ ಯಾವುದು, ಹೆಣ್ಣು ಯಾವುದು ಎಂದು ಹೂ ಬಿರಿಯುವ ಮೊದಲೇ ಗುರುತಿಸಿ, ಗಂಡನ್ನು ಕಿತ್ತೆಸೆಯುವುದು ಪೊದ್ದಾರರ ಕಸುಬು. ಒಂದು ಗಂಡು ಉಳಿದರೂ ಸಾಕು, ಹೊಲದ ಹೆಣ್ಣುಗಳೆಲ್ಲ ಬೀಜ ಕಟ್ಟಿಬಿಡುತ್ತವೆ. ಆ ಮಾಲನ್ನು ಸರಕಾರಿ ಗೋದಾಮಿನವರು ಮೂಸಿಯೂ ನೋಡುತ್ತಿರಲಿಲ್ಲ. ಹಾಗಾಗಿ ಕಾರ್ತಿಕ ಬಂತೆಂದರೆ ಪರವಾನಗಿ ಇದ್ದ ರೈತರೆಲ್ಲ ನಮ್ಮ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು. ಇವರು ಎಚ್ಚರವಾಗಿದ್ದರೂ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ.

"ನಿಲ್ಲಲಿ ಬಿಡೇ. ಗಂಡಸರು ಕಾಯೋದನ್ನ ನೋಡೋಕೆ ಚೆಂದ" ಎನ್ನುತ್ತಿದ್ದರು.

ಬಾಯಿ ಕೆಟ್ಟದ್ದು, ಕೈ ಅದಕ್ಕಿಂತ ಕೆಟ್ಟದ್ದು. ನನಗೆ ಮಕ್ಕಳಾಗಲಿಲ್ಲ. ಅದನ್ನು ಹೊಲದ ಬದುವಿನಲ್ಲಿ ನಾಲ್ಕು ಜನರೆದುರು ಆಡಿದರೇ ಅವರಿಗೆ ಸಮಾಧಾನ. "ಬೀಜ ಕಟ್ಟದ ಹೆಣ್ಣಿಗೆ ಹೊಲದಲ್ಲಿ ಬೆಲೆ. ನಾನೊಂದನ್ನ ಮನೇಲಿ ಇಟ್ಕೊಂಡಿದ್ದೀನಿ, ಯಾವ ಗೋದಾಮಿಗೆ ಹಾಕ್ಲಿ ಹೇಳ್ರೋ?" ಜನ ನಗುತ್ತಿದ್ದರು. ಪೊದ್ದಾರರ ಮಾತಿಗೆ ನಗದಿದ್ದರೆ ಅವರ ಹೊಲ ನೋಡುವವರು ಯಾರು?

ಗೊಹೊರ್ ಆಲಿ ಅಂತ ಒಬ್ಬ, ಹೆಂಡತಿ ಮಕ್ಕಳಿದ್ದ ಗಂಡಸು, ಇವರ ಕೈಕೆಳಗೆ ಕಸುಬು ಕಲಿಯುತ್ತಿದ್ದ. ಒಂದು ವರ್ಷ ಖಯಬರ್ ಮಂಡಲರ ಹೊಲದ ಮೂಲೆಯಲ್ಲಿ ಒಂದು ಗಂಡು ಗಿಡವನ್ನು ಕೀಳದೆ ಬಿಟ್ಟುಬಿಟ್ಟ. ಮಂಡಲರು ಊರಿಗೇ ದೊಡ್ಡ ರೈತರು. ನಮ್ಮವರು ಗಂಡು ಗಿಡಗಳನ್ನು ಹೆಣೆಸಿ ಹಾರ ಮಾಡಿಸಿ ಗೊಹೊರನ ಕೊರಳಿಗೆ ಹಾಕಿ ಸಂತೆ ತುಂಬ ನಡೆಸಿದರು. ಅದೇ ಸಂತೆಯಲ್ಲಿ ಅವನ ಮಾವ ಮೀನು ಮಾರುತ್ತಿದ್ದ. ಗೊಹೊರ್ ಅಳಲಿಲ್ಲ. ಹಾರವನ್ನು ಮನೆಗೆ ಒಯ್ದು, ಒಣಗಿಸಿ, ಸೂರಿಗೆ ಸಿಕ್ಕಿಸಿಟ್ಟ. ಆಮೇಲೆ ಬೇರೆ ಪೊದ್ದಾರರ ಹತ್ತಿರ ಕಲಿತು ತಾನೂ ಪೊದ್ದಾರನಾದ.

ಇಷ್ಟು ಮೆರೆದವರ ಕಣ್ಣಿಗೆ ಪೊರೆ ಬಂತು. ಬೇಯಿಸಿದ ಮೀನಿನ ಕಣ್ಣು ಹೇಗಿರುತ್ತದೋ ಹಾಗೆ. ಬೆಳಕು ಕತ್ತಲೆ ತಿಳಿಯುತ್ತಿತ್ತು, ಅಷ್ಟೇ. ಯಾರಿಗೂ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡರು. ಪೊದ್ದಾರಿಕೆ ಹೋದರೆ ತಿನ್ನಲು ಅನ್ನವಿಲ್ಲ. ಅದಕ್ಕಿಂತ ಹೆಚ್ಚಿನ ಹೆದರಿಕೆ ಬೇರೆ ಇತ್ತು. ಅವರು ಯಾರು ಯಾರನ್ನು ನಗೆಪಾಟಲು ಮಾಡಿದ್ದರೋ ಅವರೆಲ್ಲ ಇನ್ನೂ ಬದುಕಿದ್ದರು.

ಹಿತ್ತಲಲ್ಲಿ ಗಿಡ ತಂದಿಟ್ಟುಕೊಂಡು ನನಗೆ ಪಾಠ ಶುರುವಾಯಿತು.

"ತುದಿ ನೋಡಬೇಡ ಕುರುಡಿ, ಗೆಣ್ಣು ನೋಡು. ಎಲೆ ಒಡೆಯೋ ಕಡೆ ಸಾಸಿವೆ ಕಾಳು ಕೂತಿದ್ರೆ ಗಂಡು. ಚೂಪು ಮೊಗ್ಗಿಂದ ಬೆಕ್ಕಿನ ಮೀಸೆ ಥರ ಎರಡು ಬಿಳೀ ಕೂದಲು ಬಂದಿದ್ರೆ ಹೆಣ್ಣು. ಏನೂ ಇಲ್ದಿದ್ರೆ ಎಳೇದು, ಮುಟ್ಟಬೇಡ. ಇದೇನು?"

"ಮೀಸೆ."

ಕೆನ್ನೆಗೆ ಬೀಳುತ್ತಿತ್ತು. ಮೊದಲು ತಾವೇ ಬೆರಳಾಡಿಸಿ ನೋಡಿ ನನ್ನನ್ನು ಕೇಳುತ್ತಿದ್ದರು. ತಪ್ಪಿದರೆ ಏಟು, ಸರಿಯಾದರೆ ಮುಂದಿನ ಗಿಡ. ಕೆಲವೊಮ್ಮೆ ಅವರ ಬೆರಳೇ ತಪ್ಪಿದ್ದರೂ ಏಟು ನನಗೇ. ದೀಪಕ್ಕೆ ಎಣ್ಣೆ ಹಾಕುವಾಗ, ಮೀನು ಹೆರೆಯುವಾಗ, ಎಲ್ಲೆಲ್ಲೂ ನನಗೆ ಸಾಸಿವೆ ಮತ್ತು ಮೀಸೆ ಕಾಣತೊಡಗಿದವು.

ಆಮೇಲೆ ಕರೀ ಕೊಡೆ ಬಂತು. ಅವರು ಬಗ್ಗಿ ಗಿಡದ ಗೆಣ್ಣು ಹಿಡಿಯುವರು, ನಾನು ಹಿಂದೆ ಕೊಡೆ ಹಿಡಿದು ಅವರ ಭುಜದ ಮೇಲಿಂದ ನೋಡುವೆ. ಹೆಣ್ಣಾದರೆ ನೆರಳು ಹಾಗೇ. ಗಂಡಾದರೆ ಕೊಡೆ ಹಿಂದಕ್ಕೆ ವಾಲಿಸುವೆ, ಬಿಸಿಲು ಅವರ ಕೈ ಮೇಲೆ ಬೀಳುವುದು. ಬಿದ್ದ ಕೂಡಲೇ ಬೆರಳು ಬಿಗಿದು ಗಿಡ ಕಿತ್ತು ಬರುವುದು.

"ಪೊದ್ದಾರ್ ಚಾಚಾ ನವಾಬರಾಗ್ಬಿಟ್ರು!" ಎನ್ನುವರು ರೈತರು.

"ನಿನ್ನ ಹೆಂಡತಿ ನಿನಗೆ ಕೊಡೆ ಹಿಡೀತಾಳೇನೋ? ಅವಳು ಹಿಡಿಯೋದು ಪೊರಕೆ!"

ಹೀಗೆ ಕೆಲವು ಕಾರ್ತಿಕ ಕಳೆದವು. ಆದರೆ ಮೋಡ ಕವಿದ ದಿನ ಕೊಡೆ ವಾಲಿಸಿ ಏನು ಫಲ? ಆ ದಿನ ಇವರಿಗೆ ಜ್ವರ. ಬಿದಿರು ಮೆಳೆಯ ನೆರಳು ಬಿದ್ದ ಸಾಲಿಗೆ ಬಂದರೆ ಸೊಂಟ ನೋವು. ಗೊಹೊರ್ ಇದನ್ನು ಗಮನಿಸಿದ. "ಮೋಡಕ್ಕೆ ಮಾತ್ರ ಬರೋ ಜ್ವರ ಇದ್ಯಾವುದು ಚಾಚಿ?" ಎಂದು ಕೊಳದ ಮೆಟ್ಟಿಲ ಮೇಲೆ ನನ್ನನ್ನು ಕೇಳಿದ. ನಾನು ಸೆರಗೆಳೆದುಕೊಂಡು ಬಿಂದಿಗೆ ಎತ್ತಿದೆ.

ಮರುವಾರ ಮಂಡಲರಿಂದ ಕರೆ ಬಂತು. ಹೊಲಕ್ಕಲ್ಲ, ಮನೆಗೆ. ತಗ್ಗು ಸೂರಿನ ಕತ್ತಲೆ ಜಗಲಿಯಲ್ಲಿ ಇವರನ್ನು ಚಾಪೆಯ ಮೇಲೆ ಕೂರಿಸಿ, ಮಂಡಕ್ಕಿ ಬೆಲ್ಲ ಕೊಟ್ಟು, ಮುಂದೆ ಒಂದು ಹೊರೆ ರೆಂಬೆ ಇಟ್ಟರು. ನಾನು ಅಂಗಳದಲ್ಲೇ ನಿಂತೆ. ಊರ ಗಂಡಸರೆಲ್ಲ ಬಂದಿದ್ದರು.

"ಹೊಸ ರೈತರು ನೋಡಬೇಕಂತೆ ಚಾಚಾ. ಒಂಚೂರು ವಿಂಗಡಿಸಿ ಕೊಡಿ" ಎಂದರು ಮಂಡಲರು.

"ಕೊಡೆ ಎಲ್ಲೇ?"

"ಜಗಲಿ ಮೇಲೆ ಯಾವ ಬಿಸಿಲು ಚಾಚಾ?" ಗೊಹೊರನ ದನಿ ಮೆತ್ತಗಿತ್ತು.

ಇವರು ಒಂದೊಂದೇ ರೆಂಬೆ ಎತ್ತಿ, ಗೆಣ್ಣು ಸವರಿ, ಕತ್ತು ಕೊಂಕಿಸಿ, ಎಡಕ್ಕೊಂದು ಬಲಕ್ಕೊಂದು ಇಡುತ್ತಾ ಹೋದರು. ಜನ್ಮವಿಡೀ ಎರಡು ಗುಡ್ಡೆ ಮಾಡಿದ ಕೈ. ಒಂದು ಕೋಳಿ ಬಂದು ಚೆಲ್ಲಿದ ಮಂಡಕ್ಕಿ ಹೆಕ್ಕುತ್ತಿತ್ತು.

"ಎಡಗಡೇದು ಹೆಣ್ಣು. ನೋಡ್ಕೊಳ್ರೋ, ಕಲ್ತ್ಕೊಳ್ರೋ" ಎಂದು ಕೈ ಕೊಡವಿದರು.

"ಇವೆಲ್ಲಾ ಬೆಳಗ್ಗೆ ನಾನು ಕಿತ್ತು ಬಿಸಾಕಿದ ಗಂಡು" ಎಂದ ಗೊಹೊರ್.

"ಸುಳ್ಳು! ಲೇ ಬಂಜೆ, ಬಾರೇ ಇಲ್ಲಿ, ಹೇಳೇ ಇವನಿಗೆ!"

ಮಂಡಲರು ಎಡಗಡೆಯ ಗುಡ್ಡೆಯಿಂದ ಒಂದು ರೆಂಬೆ ತಂದು ನನ್ನ ಮುಖಕ್ಕೆ ಹಿಡಿದರು. "ಹೇಳಿ ಚಾಚಿ. ಏನಿದು?"

"ಹೆಣ್ಣು ಅನ್ನೇ!" ಜಗಲಿಯಿಂದ ಕೂಗು ಬಂತು.

ಗೆಣ್ಣಿನಲ್ಲಿ ಸಾಸಿವೆ ಕೂತಿತ್ತು. ಸಾಸಿವೆಯನ್ನು ಮೀಸೆ ಎಂದರೆ ಏನು ಬೀಳುತ್ತದೆಂದು ನನ್ನ ಕೆನ್ನೆಗೆ ಗೊತ್ತಿತ್ತು. "ಗಂಡು" ಎಂದೆ.

ಆ ನಗು! ಕೋಳಿ ಹೆದರಿ ಗೋಡೆ ಹಾರಿತು. ಗೊಹೊರ್ ಸೂರಿನಲ್ಲಿಟ್ಟಿದ್ದ ಹಾರ ತಂದಿದ್ದ. ಒಣಗಿ ಪುಡಿಪುಡಿಯಾಗುತ್ತಿತ್ತು. ಇವರ ಕೊರಳಿಗೆ ಹಾಕಿ ಸಂತೆ ದಾರಿಯಲ್ಲೇ ಮನೆಗೆ ಕಳಿಸಿದರು. ಮುಂದೆ ಇವರು, ಹಿಂದೆ ನಾನು ಕೊಡೆ ಹಿಡಿದು.

ಮಂಡಲರು ದಯವಂತರೆಂದು ಊರು ಹೇಳಿತು. ಕಿತ್ತ ಗಂಡು ಗಿಡಗಳ ರಾಶಿಗೆ ಬೆಂಕಿ ಹಾಕುವವರೆಗೆ ಯಾರೂ ಕದಿಯದಂತೆ, ಆಡು ಮೇಯದಂತೆ ಕಾಯುವ ಕೆಲಸ ಇವರಿಗೆ ಕೊಟ್ಟರು. ಹೊತ್ತಿಗೊಂದು ಬಟ್ಟಲು ಅಕ್ಕಿ. ಅಲ್ಲಿಯೂ ನನ್ನದು ಕೊಡೆಯ ಕೆಲಸವೇ. ರಾಶಿಯಿಂದ ಒಂದೊಂದೇ ಎಳೆದು ಕೇಳುವರು.

"ಇದು?"

"ಗಂಡು."

"ಇದು?"

"ಗಂಡು."

"ಒಂದಾದ್ರೂ ತಪ್ಪಿ ಹೆಣ್ಣು ಕಿತ್ತಿರ್ತಾನೆ ಆ ಬಡ್ಡೀಮಗ. ಸರಿಯಾಗಿ ನೋಡೇ!"

ಗೊಹೊರ್ ತಪ್ಪಿರಲಿಲ್ಲ. ಹಾಗೆಂದಾಗಲೆಲ್ಲ ಕೋಲು ನನ್ನ ಮೊಣಕಾಲಿಗೆ ಬೀಳುತ್ತಿತ್ತು. ಒಂದು ಮಧ್ಯಾಹ್ನ ಹೊಡೆದು ಸುಸ್ತಾಗಿ, ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, "ಬೀಜ ಕಟ್ಟದ ಮುಂಡೆ" ಎಂದರು.

ನಾನು ಕೊಡೆ ಮಡಿಸಿದೆ.

ಬಿಸಿಲು ಅವರ ತಲೆ, ಬೆನ್ನು, ಕೈ ಎಲ್ಲದರ ಮೇಲೂ ಬಿತ್ತು. ಅಭ್ಯಾಸದಂತೆ ಬೆರಳು ಬಿಗಿದವು, ಎಳೆದವು. ಕೈಗೆ ಸಿಕ್ಕಿದ್ದು ಅವರದೇ ಲುಂಗಿ. ಸ್ವಲ್ಪ ಹೊತ್ತು ಅದನ್ನೇ ಹಿಡಿದು ಕೂತರು.

"ಗಂಡಾ?" ಎಂದು ಕೇಳಿದರು.

"ಹೂಂ" ಎಂದೆ. ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಅನ್ನಕ್ಕಿಡಲು ಮನೆಗೆ ಹೊರಟೆ.