ಗೋಡೆಯ ಆಚೆ ಮಲಗಿದವನ ತಾಯಿ

ಚರ್ಚಿನಕ್ಕ ಪವಿತ್ರ ಸ್ಥಳಗಳ ಯಾತ್ರೆಗೆ ಹೊರಟಾಗ ಸಭೆಯವರೆಲ್ಲ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ಪೊರಕೆ ಹಿಡಿಯುವವಳನ್ನು ವಿಮಾನ ಹತ್ತಿಸುತ್ತಿದ್ದೇವೆ, ಇಂಥ ದೊಡ್ಡ ಮನಸ್ಸು ಯಾರಿಗೆ ಬಂದೀತು ಎಂದು. ನಿಜ ಹೇಳಬೇಕೆಂದರೆ, ಹೊರಡಬೇಕಿದ್ದ ಡಾಕ್ಟರಮ್ಮನ ಸೊಂಟ ಹಿಡಿದುಕೊಂಡಿತ್ತು, ಸೀಟು ಖಾಲಿ ಬಿದ್ದಿತ್ತು. ಗುಂಪಿನ ವಯಸ್ಸಾದವರ ಚೀಲ ಹೊರಲು, ಹೊತ್ತು ಹೊತ್ತಿಗೆ ಮಾತ್ರೆ ನೆನಪಿಸಲು ಒಂದು ಆಳು ಬೇಕಿತ್ತು. ಇದಕ್ಕೆ ದೊಡ್ಡ ಮನಸ್ಸು ಎಂದು ಹೆಸರು ಬೇರೆ!

ಆ ಚರ್ಚಿನ ಬಾಗಿಲು ತೆಗೆಯುವವಳು ಆಕೆ, ನೆಲ ಒರೆಸುವವಳು ಆಕೆ, ಪೀಠದ ಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡುವವಳೂ ಆಕೆಯೇ. ಮೇಣ ಹೆಪ್ಪುಗಟ್ಟಿದ ಕಡೆ ಚಾಕು ತಾಗಿದರೆ ಕಲ್ಲು ಗೀರಿಹೋದೀತೆಂದು ಉಗುರಿನಲ್ಲೇ ಕೆರೆಯುತ್ತಿದ್ದಳು. ಒಂದು ವಿಷಯದಲ್ಲಿ ಮಾತ್ರ ಭಾರಿ ಜೋರು. ಕೈಚೀಲ, ಕೊಡೆ, ಹೆಲ್ಮೆಟ್ಟು ಯಾವುದನ್ನೂ ಒಳಗೆ ತರಗೊಡುತ್ತಿರಲಿಲ್ಲ. "ದೇವರ ಮುಂದೆ ಸಂತೆ ಹರಡ್ಬೇಡಿ" ಎಂದು ಗದರಿಸಿ, ಎಲ್ಲವನ್ನೂ ಬಾಗಿಲಾಚೆಯ ಗೋಡೆಗೆ ಒರಗಿಸಿ ಸಾಲಾಗಿ ಇಡುತ್ತಿದ್ದಳು. ಪೊಲೀಸ್ ಸಾಹೇಬರು ಬಂದರೂ ಅದೇ ಕಾನೂನು.

ಆಕೆಗೆ ಇದ್ದವನು ಒಬ್ಬನೇ ಮಗ. ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ಮೊದಲು ಮಾತು ಕಡಿಮೆಯಾಯಿತು, ಆಮೇಲೆ ಊಟ, ಆಮೇಲೆ ನಿದ್ದೆ. ಕೊನೆಗೊಂದು ದಿನ ತಾನಾಗಿಯೇ ಪ್ರಾಣ ಕಳೆದುಕೊಂಡ. ಆಗಿದ್ದ ಹಳೆಯ ಪಾದ್ರಿ, ಇಂಥವರಿಗೆ ಸ್ಮಶಾನದೊಳಗೆ ಜಾಗವಿಲ್ಲ ಎಂದುಬಿಟ್ಟರು. ಗೋಡೆಯ ಆಚೆ, ತರಗೆಲೆ ಸುಡುವ ಗುಂಡಿಯ ಪಕ್ಕ ಹೂಳಿಸಿದರು. ಆ ತರಗೆಲೆ ಗುಡಿಸಿ ತಂದು ಸುರಿಯಬೇಕಾದವಳು ಯಾರು? ಹೆತ್ತವಳೇ. ಮಾರನೆಯ ದಿನವೇ ಆಕೆ ಆ ಗುಂಡಿ ಮುಚ್ಚಿ ಬೇರೆ ಕಡೆ ತೋಡಿದಳು. ಏಕೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಈಗಿನ ಫಾದರ್ ಚಿಕ್ಕ ವಯಸ್ಸಿನವರು, ನಗುನಗುತ್ತ ಮಾತಾಡುವವರು. ಹಾಗೆ ಮಾಡಿದ್ದು ತಪ್ಪು, ಈ ಕಾಲದಲ್ಲಿ ಯಾರೂ ಹಾಗೆ ಮಾಡುವುದಿಲ್ಲ ಎಂದು ತಾವೇ ಒಪ್ಪಿಕೊಂಡರು. ಹಾಗಾದರೆ ಮಗನನ್ನು ಒಳಗೆ ತನ್ನಿ ಎಂದಳು ಆಕೆ.

"ಹಳೇದನ್ನ ಕೆದಕೋದು ಬೇಡ ಅಕ್ಕ, ಜನ ಏನಂತಾರೋ" ಎಂದರು ಫಾದರ್.

ಯಾವ ಜನ? ಆಕೆ ಒರೆಸಿದ ನೆಲದ ಮೇಲೆ ವಾರವಾರವೂ ಮೊಣಕಾಲೂರುವ ಜನ. ತಪ್ಪೆಂದು ಒಪ್ಪಿಕೊಂಡೂ ತಿದ್ದದವರ ನಗುಮುಖ ಕಂಡರೆ ಮೈ ಉರಿಯುವುದಿಲ್ಲವೇ?

ಆದ್ದರಿಂದ ಆಕೆ ಯಾತ್ರೆಗೆ ಒಪ್ಪಿದ್ದು ಒಂದೇ ಒಂದು ಕಾರಣಕ್ಕೆ. ಪ್ರಭು ಸತ್ತು ಮೂರನೇ ದಿನ ಎದ್ದುಬಂದ ಆ ಖಾಲಿ ಸಮಾಧಿಯೊಳಗೆ ಹೋಗಬೇಕು, ಮುಖಾಮುಖಿ ಮಾತಾಡಬೇಕು. "ಬೇಡ್ಕೊಳ್ಳೋಕಲ್ಲ ಕಣೇ, ಕೇಳೋಕೆ ಹೋಗ್ತಿದ್ದೀನಿ" ಎಂದು ತಂಗಿಗೆ ಹೇಳಿ ಹೊರಟಳು.

ಅಲ್ಲಿಗೆ ಹೋದ ಮೇಲೆ ಆದದ್ದೇನು? ಪ್ರಭು ಹುಟ್ಟಿದ ಗವಿಗೆ ಎಲ್ಲರೂ ಇಳಿದರು, ಆಕೆ ಮೇಲೆ ನಿಂತು ಚೀಲ ಕಾದಳು. ಆತ ನೀರಿನ ಮೇಲೆ ನಡೆದ ಸರೋವರದಲ್ಲಿ ಎಲ್ಲರೂ ದೋಣಿ ಹತ್ತಿ ಹಾಡಿದರು, ಆಕೆ ದಡದಲ್ಲಿ ಕೂತು ಚೀಲ ಕಾದಳು. ಆತ ಸ್ನಾನದೀಕ್ಷೆ ಪಡೆದ ನದಿಯಲ್ಲಿ ಎಲ್ಲರೂ ಮುಳುಗೆದ್ದರು, ಆಕೆ ಅವರ ಒದ್ದೆ ಬಟ್ಟೆ ಹಿಂಡಿದಳು. ಸಂಜೆ ಹೋಟೆಲಿನಲ್ಲಿ ಬ್ಯಾಂಕ್ ಮ್ಯಾನೇಜರರ ಹೆಂಡತಿ, "ಎಂಥ ಅನುಭವ ಗೊತ್ತಾ! ನೀನು ನೋಡ್ಬೇಕಿತ್ತು" ಎನ್ನುತ್ತಿದ್ದಳು. ನಾಚಿಕೆಯನ್ನು ಎಲ್ಲಿ ಮಾರಿಕೊಂಡು ಬಂದಿದ್ದಳೋ! ಚರ್ಚಿನಕ್ಕ ಹಿಂಡಿದ ಬಟ್ಟೆ ಒಣಹಾಕುತ್ತ ದಿನ ಎಣಿಸಿದಳು. ಸಮಾಧಿಯ ದಿನ ಇನ್ನೂ ಬಾಕಿ ಇತ್ತಲ್ಲ.

ಆ ದಿನ ಬಂತು. "ನಾವು ಮೊದಲು ಹೋಗಿ ಬರ್ತೀವಿ, ಆಮೇಲೆ ನೀವು" ಎಂದರು ಗುಂಪನ್ನು ಕರೆತಂದಿದ್ದ ಫಾದರ್. ಹೋದರು, ಕಣ್ಣೊರೆಸಿಕೊಳ್ಳುತ್ತ ಬಂದರು, ಕಣ್ಣು ಆರುವ ಮುಂಚೆಯೇ ಫೋಟೋಕ್ಕೆ ನಿಂತರು. ಆಮೇಲೆ ಫಾದರ್ ಗಡಿಯಾರ ನೋಡಿಕೊಂಡರು.

"ಬಸ್ಸಿಗೆ ಹೊತ್ತಾಗ್ತಾ ಬಂತು. ಎಲ್ಲರೂ ಜಪಸರ ತಗೋಬೇಕಂತೆ. ಹೊರಗಿಂದಾನೇ ಕೈ ಮುಗಿದುಬಿಡಿ ಅಕ್ಕ. ದೇವರು ಎಲ್ಲಾ ಕಡೆ ಇದ್ದಾನೆ."

"ಎಲ್ಲಾ ಕಡೆ ಇದ್ರೆ ನೀವ್ಯಾಕೆ ಇಷ್ಟು ದೂರ ಬಂದ್ರಿ?" ಎಂದಳು ಆಕೆ.

ಫಾದರ್ ಕೇಳಿಸಿಕೊಂಡರೋ ಇಲ್ಲವೋ, ಗುಂಪಿನ ಜೊತೆ ಅಂಗಡಿಗಳ ಕಡೆ ನಡೆದೇಬಿಟ್ಟರು. ಆಕೆ ಒಂದು ಗಳಿಗೆ ನಿಂತಳು. ದೇವರ ಮುಂದೆ ಚೀಲ ಹೊತ್ತು ಹೋಗುವುದುಂಟೇ? ಊರಿನಲ್ಲಿ ಮಾಡುತ್ತಿದ್ದ ಹಾಗೆ ಎಲ್ಲವನ್ನೂ ಅಂಗಳದ ಗೋಡೆಗೆ ಒರಗಿಸಿ ಸಾಲಾಗಿ ಇಟ್ಟಳು. ಹೋಗಿ ಸರದಿಯಲ್ಲಿ ನಿಂತಳು.

ವಾರಸುದಾರರಿಲ್ಲದ ಚೀಲವೆಂದರೆ ಆ ಊರಿನಲ್ಲಿ ಬಾಂಬು ಎಂದು ಅರ್ಥ. ಅದು ಆಕೆಗೇನು ಗೊತ್ತು? ಆಕೆ ತಲೆ ಬಗ್ಗಿಸಿ ಸಮಾಧಿಯ ಗಿಡ್ಡ ಬಾಗಿಲು ದಾಟುವುದಕ್ಕೂ ಅಂಗಳದಲ್ಲಿ ಸೀಟಿ ಊದುವುದಕ್ಕೂ ಸರಿಹೋಯಿತು. ಬಂದೂಕಿನವರು ಜನರನ್ನೆಲ್ಲ ಬೀದಿಗೆ ಅಟ್ಟಿದರು. ಒಬ್ಬೊಬ್ಬರಿಗೆ ಒಂದೊಂದು ನಿಮಿಷವೂ ಕೊಡದೆ "ಬೇಗ, ಬೇಗ" ಎನ್ನುತ್ತಿದ್ದ ಬಾಗಿಲ ಕಾವಲಿನ ಸನ್ಯಾಸಿ ಕೂಡ ಏನಾಯಿತೆಂದು ನೋಡಲು ಓಡಿದ. ಒಳಗೊಬ್ಬಳು ಉಳಿದಿದ್ದಾಳೆಂಬುದು ಯಾರಿಗೂ ಹೊಳೆಯಲಿಲ್ಲ.

ಒಳಗೆ ಒಂದು ಹಾಸುಗಲ್ಲು, ಅದರ ಮೇಲೆ ಮೇಣದ ಹನಿಗಳು. ಬೆರಳು ತಾನಾಗಿಯೇ ಹೋಗಿ ಕೆರೆಯತೊಡಗಿತು. ಆಕೆಗೆ ತನ್ನ ಮೇಲೇ ಸಿಟ್ಟು ಬಂದು ಕೈ ಹಿಂದಕ್ಕೆಳೆದುಕೊಂಡಳು.

"ನಿನ್ನನ್ನೂ ಊರ ಗೋಡೆ ಆಚೆ ಎಳ್ಕೊಂಡು ಹೋಗೇ ಕೊಂದ್ರಲ್ಲ. ಆಚೆ ಅಂದ್ರೇನು ಅಂತ ನಿನಗೆ ಗೊತ್ತಿಲ್ವಾ? ನನ್ನ ಮಗ ಯಾರಿಗೇನು ಮಾಡಿದ್ದ? ನೋವು ತಡ್ಕೊಳ್ಳೋಕಾಗ್ಲಿಲ್ಲ, ಅಷ್ಟೇ. ಅವರು ಅವನನ್ನ ಹೊರಗೆ ಹಾಕುವಾಗ ನೀನ್ಯಾಕೆ ಬಾಯಿ ಮುಚ್ಕೊಂಡಿದ್ದೆ?"

ಹೀಗೆ ಜೋರು ದನಿಯಲ್ಲೇ ಕೇಳಿದಳು. ಬೈದಳು, ಅತ್ತಳು, ಮತ್ತೆ ಬೈದಳು. ಉತ್ತರವೇನೂ ಬರಲಿಲ್ಲ. ಆದರೆ ಹೊರಗೆ ಹೋಗು ಎಂದೂ ಯಾರೂ ಅನ್ನಲಿಲ್ಲ.

ಆಕೆ ಹೊರಗೆ ಬರುವ ಹೊತ್ತಿಗೆ ಚೀಲಗಳನ್ನೆಲ್ಲ ಬಿಚ್ಚಿ ಹರಡಿದ್ದರು. ಟೋಪಿ, ಮಾತ್ರೆ, ನೀರಿನ ಬಾಟಲಿ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಇಡೀ ಗುಂಪನ್ನು ಬಿಸಿಲಲ್ಲಿ ನಿಲ್ಲಿಸಿ ವಿಚಾರಿಸಿದ್ದರು. ಫಾದರ್ ಮುಖದಲ್ಲಿ ನಗು ಮಾಯವಾಗಿತ್ತು.

"ಏನಕ್ಕ ಇದು? ಬುದ್ಧಿ ಇದೆಯಾ? ನಮ್ಮ ಸಾಮಾನನ್ನ ಹೀಗೆ ದಿಕ್ಕಿಲ್ಲದ ಹಾಗೆ ಹೊರಗೆ ಬಿಟ್ಟು ಹೋಗೋದಾ? ನಮಗೆಷ್ಟು ಸಂಕಟ ಆಯ್ತು ಗೊತ್ತಾ?"

ಚರ್ಚಿನಕ್ಕ ಅವರ ಮುಖವನ್ನೇ ನೆಟ್ಟಗೆ ನೋಡಿದಳು.

"ಬ್ಯಾಗು ಒಂದು ಗಳಿಗೆ ಹೊರಗೆ ಬಿದ್ದಿದ್ದಕ್ಕೆ ಇಷ್ಟು ಸಂಕಟಾನಾ ಫಾದರ್? ನನ್ನ ಮಗ ಹೊರಗೆ ಬಿದ್ದು ಒಂಬತ್ತು ವರ್ಷ ಆಯ್ತು."

ಮ್ಯಾನೇಜರರ ಹೆಂಡತಿ ಎಲ್ಲೋ ನೋಡತೊಡಗಿದಳು.

"ಗೋಡೆ ಒಡೆಸ್ತೀರೋ, ಅವನನ್ನೇ ಒಳಗೆ ತರ್ತೀರೋ, ನಿಮಗೆ ಬಿಟ್ಟಿದ್ದು. ಅಲ್ಲೀತನಕ ನಾನು ಪೊರಕೆ ಮುಟ್ಟಲ್ಲ."

ತನ್ನ ಚೀಲವೊಂದನ್ನೇ ಎತ್ತಿಕೊಂಡು ಆಕೆ ಮುಂದೆ ನಡೆದಳು. ಮಿಕ್ಕವರು ಬಗ್ಗಿ, ತಮ್ಮ ತಮ್ಮ ಚೀಲ ತಾವೇ ಹೊತ್ತುಕೊಂಡು ಅವಳ ಹಿಂದೆ ಬಸ್ಸಿಗೆ ಹೋದರು.