ಎರಡು ಮಣ್ಣೆತ್ತು, ಒಂದು ಮನೆ ನಂಬರು

ನಮ್ಮ ಹಿತ್ತಲಿನ ದನದ ಕೊಟ್ಟಿಗೆಯನ್ನು ಮನುಷ್ಯರಿರುವ ಮನೆಯಾಗಿಸಲು ನನಗೆ ತಗುಲಿದ ಖರ್ಚು ಎರಡು ಮುಷ್ಟಿ ಎರೆಮಣ್ಣು. ನೆಲದ ಫರಸಿ, ಸೂರಿನ ತಗಡು, ಗೋಡೆಯ ಗಿಲಾವು ಬೇರೆ. ಅವನ್ನೆಲ್ಲ ಚೌಕಾಸಿ ಮಾಡಿ ತಂದಿದ್ದೆ, ಆದ್ದರಿಂದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚೌಕಾಸಿಗೆ ಬಗ್ಗದ್ದು ಮಾತ್ರ ಖರ್ಚು ಎಂಬುದು ನನ್ನ ಸಿದ್ಧಾಂತ. ಪುರಸಭೆಯ ಪರವಾನಗಿ ಅಂಥದ್ದು. ಅದನ್ನು ಕೊನೆಗೂ ಬಗ್ಗಿಸಿದ್ದು ಆ ಎರಡು ಮುಷ್ಟಿ ಮಣ್ಣು.

ಯಾವ ಊರಿನ ಪುರಸಭೆ ಎಂದು ಕೇಳಬೇಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕರ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ. ಹೆಸರು ಹೇಳಲು ನನಗೇನೂ ಹೆದರಿಕೆಯಿಲ್ಲ. ಆದರೆ ಬರುವ ಬೇಸಿಗೆಯಲ್ಲೂ ನಮ್ಮ ಓಣಿಗೆ ನೀರು ಬರಬೇಕಲ್ಲ.

ನಾನು ದನದ ಸಂತೆಯಲ್ಲಿ ದಲಾಲಿಯಾಗಿ ತಲೆ ಎತ್ತಿದವನು. ಟವೆಲ್ಲಿನ ಕೆಳಗೆ ಎದುರಿನವನ ಬೆರಳು ಹಿಡಿದು, ಬಾಯಿ ಬಿಡದೆ ಎತ್ತಿನ ದರ ಕುದುರಿಸುವುದು ನಮ್ಮ ಕಸುಬು. ಟ್ರ್ಯಾಕ್ಟರುಗಳು ಬಂದವು. ಟ್ರ್ಯಾಕ್ಟರಿನ ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಹೇಳಲು ಬರುವುದಿಲ್ಲವಾದ್ದರಿಂದ, ಕೆಡವಿದ ವಾಡೆಗಳ ಹಳೆಯ ಬಾಗಿಲು, ಕಿಟಕಿ ಕೊಂಡು ಮಾರುವ ಧಂದೆಗೆ ಇಳಿದೆ. ನಮ್ಮ ಮನೆಯ ಎತ್ತುಗಳೂ ಹೋದವು. ಉಳಿದದ್ದು ಕಲ್ಲಿನ ಗೋಡೆಯ ಕೊಟ್ಟಿಗೆ, ಅದರೊಳಗೆ ಒಂದು ಗೂಟ ಮತ್ತು ದನಕ್ಕೆ ಮೇವು ಹಾಕುವ ಕಟ್ಟೆ, ಅಂದರೆ ಗ್ವಾದಲಿ.

ಆಗ ನನ್ನ ತಂಗಿ ಗಂಗವ್ವ ಗಂಡನನ್ನು ಕಳೆದುಕೊಂಡು ನಮ್ಮಲ್ಲಿಗೆ ಬಂದಳು. ಕೈಕಟ್ಟಿ ಕೂರುವ ಹೆಂಗಸಲ್ಲ. ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡತೊಡಗಿದಳು. ನನ್ನ ಹೆಂಡತಿ ಶಾಂತಾ ಒಳ್ಳೆಯವಳು, ತಂಗಿಯೂ ಒಳ್ಳೆಯವಳು. ಇಬ್ಬರು ಒಳ್ಳೆಯವರಿಗೆ ಒಂದು ಒಲೆ ಸಾಲುವುದಿಲ್ಲ ಎಂಬುದು ನನಗೆ ಹೊಳೆಯುವಷ್ಟರಲ್ಲಿ ಅಡುಗೆಮನೆಯಿಂದ ಮಾತು ನಿಂತುಹೋಗಿ ಪಾತ್ರೆಗಳ ಸದ್ದು ಮಾತ್ರ ಬರುತ್ತಿತ್ತು. ಒಂದು ದಿನ ಗಂಗವ್ವ ನನ್ನ ಅಂಗಡಿಯೆದುರೇ ಬಂದು ನಿಂತಳು.

"ಅಣ್ಣಾ, ಊರಿಗೆಲ್ಲಾ ಬಾಗಲಾ ಮಾರ್ತಿ. ನಂದು ಅನ್ನೂದೊಂದು ಬಾಗಲಾ ನನಗ ಕೊಡಾಕ ಆಗಂಗಿಲ್ಲೇನು? ದಸರಾ ತನಕ ನೋಡ್ತೇನಿ. ಆಗಲಿಲ್ಲಂದ್ರ ಹೈವೇ ಮ್ಯಾಲಿನ ಝಳಕ್ಯಾಗ ಧಾಬಾದ ಹಿಂದ ಒಂದು ಖೋಲಿ ಐತಿ, ಹೋಗ್ತೇನಿ."

ತಂಗಿ ಹೆದ್ದಾರಿಯ ಬದಿಯಲ್ಲಿ ಲಾರಿಗಳ ಹೊಗೆ ಕುಡಿಯುತ್ತ ರೊಟ್ಟಿ ಬಡಿಯುವುದನ್ನು ನೆನೆದು ಅಂದು ನನಗೆ ಊಟ ಸೇರಲಿಲ್ಲ. ಕೊಟ್ಟಿಗೆಗೆ ಬಾಗಿಲು ಕೂರಿಸುವುದು ಒಂದು ದಿನದ ಕೆಲಸ. ಆದರೆ ಮನೆ ನಂಬರು ಬೇಕು. ನಂಬರಿಲ್ಲದೆ ವಿದ್ಯುತ್ ಮೀಟರಿಲ್ಲ, ನಳವಿಲ್ಲ. ನಂಬರು ಬೇಕಾದರೆ ಕೊಟ್ಟಿಗೆ ಬಳಕೆಯಲ್ಲಿಲ್ಲ ಎಂದು ಪುರಸಭೆ ಠರಾವು ಮಾಡಬೇಕು. ನಮ್ಮ ಹಿರಿಯರ ಕಾಲದಲ್ಲಿ ತಲೆಬಾಗಿಲ ಒಳಗಿನ ಮೊದಲ ಅಂಕಣದಲ್ಲೇ ದನ ಕಟ್ಟುತ್ತಿದ್ದರು, ಒಂದು ಮೆಟ್ಟಿಲು ಮೇಲಿನ ಪಡಸಾಲೆಯಲ್ಲಿ ಜನ ಮಲಗುತ್ತಿದ್ದರು. ನಡುವೆ ಇದ್ದದ್ದು ಒಂದೇ ಮೆಟ್ಟಿಲು. ಆ ಮೆಟ್ಟಿಲು ಹತ್ತಲು ಯಾರ ಪರವಾನಗಿಯೂ ಬೇಕಿರಲಿಲ್ಲ. ನಾಗರಿಕತೆ ಬೆಳೆದಂತೆ ಮೆಟ್ಟಿಲುಗಳು ಹೆಚ್ಚುತ್ತವೆ, ಹೆಚ್ಚಿನವು ಪುರಸಭೆಯಲ್ಲೇ ಇರುತ್ತವೆ.

ನಿಯಮ ಕಠಿಣವೆಂದು ಹೇಳಿದರೆ ಸುಳ್ಳಾದೀತು. ಒಬ್ಬ ಸದಸ್ಯರ ಷಡ್ಡಕನ ಮೇವಿನ ಗೋದಾಮು ಒಂದೇ ಸಭೆಯಲ್ಲಿ ವಾಸದ ಮನೆಯಾಯಿತು. ಮೇವು ಇನ್ನೂ ಒಳಗೇ ಇತ್ತು, ಅದನ್ನು ಹಾಸಿಗೆ ಎಂದು ತಿಳಿದಿರಬೇಕು.

ನಾನು ಅರ್ಜಿ ಕೊಟ್ಟೆ. ತಪ್ಪಿದ್ದು ಒಂದೇ ಕಡೆ: ಅಮಾವಾಸ್ಯೆಯ ದಿನ ಯಾವ ಅಧಿಕಾರಿಯೂ ಕಚೇರಿಯಿಂದ ಹೊರಬೀಳುವುದಿಲ್ಲ ಎಂದು ನಂಬಿದ್ದೆ. ಪುರಸಭೆಗೆ ಹೊಸದಾಗಿ ಬಂದಿದ್ದ ಇಂಜಿನಿಯರರು ಸರಿಯಾಗಿ ಮಣ್ಣೆತ್ತಿನ ಅಮಾವಾಸ್ಯೆಯಂದೇ ಪರಿಶೀಲನೆಗೆ ಬಂದರು. ಆ ದಿನ ನಮ್ಮಲ್ಲಿ ಎರೆಮಣ್ಣಿನಿಂದ ಒಂದು ಜೋಡಿ ಎತ್ತು ಮಾಡಿ, ಗ್ವಾದಲಿಯ ಮೇಲಿಟ್ಟು, ಮುಂದೆ ಹಿಡಿ ಮೇವು ಹಾಕಿ, ಕಡುಬು ಎಡೆ ಹಿಡಿಯುತ್ತಾರೆ. ನಿಜವಾದ ಎತ್ತು ಇಲ್ಲದ ಮನೆಗಳಲ್ಲಿ ಭಕ್ತಿ ಇನ್ನೂ ಒಂದು ಕೈ ಹೆಚ್ಚು. ಸಾಹೇಬರು ಒಳಗೆ ಇಣುಕಿದರು.

"ಬಳಕಿ ಚಾಲೂ ಐತೆಲ್ರಿ."

"ಸಾಹೇಬ್ರ, ಅವು ಮಣ್ಣಿನ ಎತ್ತರಿ."

"ಮೇವು ಖರೇನ ಐತಿ. ಗೂಟ ಖರೇನ ಐತಿ. ಎತ್ತು ಎದರಾಗ ಮಾಡ್ಯಾರ ಅನ್ನೂದು ನಮ್ಮ ಖಾತೆಗೆ ಬರಂಗಿಲ್ರಿ."

ಶಾಂತಾ ಕಡುಬು ಕೊಟ್ಟಳು. ತಿಂದರು, ಚಲೋ ಆಗಿದೆ ಎಂದರು, ಕೈ ತೊಳೆದುಕೊಂಡು 'ಎತ್ತು ಎರಡು' ಎಂದು ಬರೆದುಕೊಂಡು ಹೋದರು.

ಸಾಮಾನ್ಯ ಸಭೆ ಗಂಭೀರವಾಗಿ ಚರ್ಚಿಸಿತು. ಎತ್ತುಗಳಿರುವ ತನಕ ಪರಿವರ್ತನೆ ಸಾಧ್ಯವಿಲ್ಲವೆಂದು ಠರಾವಾಯಿತು. ಮಳೆಗಾಲದಲ್ಲಿ ಆ ಮೂಕಪ್ರಾಣಿಗಳು ಎಲ್ಲಿಗೆ ಹೋಗಬೇಕು ಎಂದು ಒಬ್ಬ ಸದಸ್ಯರು ಮರುಗಿದರಂತೆ. ಎತ್ತುಗಳನ್ನು ಪದ್ಧತಿಯಂತೆ ಬಾವಿಗೆ ಬಿಟ್ಟಿದ್ದೇವೆ, ಕೊಟ್ಟಿಗೆ ಈಗ ಖಾಲಿ ಎಂದು ನಾನು ತಿಳಿಸಿದೆ. ಆರೋಗ್ಯ ವಿಭಾಗದಿಂದ ನೋಟಿಸು ಬಂತು: ಸಾರ್ವಜನಿಕ ಬಾವಿಗೆ ಜಾನುವಾರು ಬಿಟ್ಟದ್ದೇಕೆ, ವಿವರಣೆ ಕೊಡಿ.

ಸಾವಿರಾರು ಎತ್ತು ಮಾರಿದ ನಾನು ಎರಡು ಮಣ್ಣೆತ್ತಿನ ಕೈಯಲ್ಲಿ ಸೋತಿದ್ದೆ. ದಸರೆ ಹತ್ತಿರ ಬಂತು. ಗಂಗವ್ವ ಹಂಚು, ಹಿಟ್ಟು ನಾದುವ ಕೊಣಮಿಗೆಗಳನ್ನು ಚೀಲಕ್ಕೆ ತುಂಬತೊಡಗಿದಳು. ಆಗ ನನಗೆ ಸಂತೆಯ ಪಾಠ ನೆನಪಾಯಿತು. ಎದುರಿನವನ ಮಾತನ್ನು ಎಂದೂ ಸುಳ್ಳು ಮಾಡಬಾರದು, ಆ ಮಾತನ್ನೇ ಬೆರಳಿನಂತೆ ಬಿಗಿಯಾಗಿ ಹಿಡಿಯಬೇಕು. ಪುರಸಭೆಯ ನಿಯಮಗಳನ್ನು ತರಿಸಿ ಓದಿದೆ. ಯಾರೂ ಓದಿರಲಿಲ್ಲವೆಂದು ಪುಟಗಳೇ ಹೇಳುತ್ತಿದ್ದವು, ಒಂದಕ್ಕೊಂದು ಅಂಟಿಕೊಂಡಿದ್ದವು. ಅವುಗಳ ನಡುವೆ ಒಂದು ನಿಯಮ ಸಿಕ್ಕಿತು: ಬಳಕೆಯಲ್ಲಿರುವ ಕೊಟ್ಟಿಗೆಯಲ್ಲಿ ದನ ನೋಡಿಕೊಳ್ಳುವವರು ವಾಸಿಸಬಹುದು; ಅವರಿಗೆ ಬೇರೆ ಬಾಗಿಲು, ದೀಪ, ನಳ, ನಂಬರು ಕೊಡತಕ್ಕದ್ದು.

ಅಂದು ಸಂಜೆ ಶಾಂತಾ ಹೊಲದಿಂದ ಎರಡು ಮುಷ್ಟಿ ಮಣ್ಣು ತಂದಳು. ತಿಂಗಳುಗಟ್ಟಲೆ ಮಾತಿಲ್ಲದ ನಾದಿನಿ ಅತ್ತಿಗೆ ಇಬ್ಬರೂ ಎದುರುಬದುರು ಕೂತು ಎತ್ತು ಮಾಡಿದರು. ಕೊಂಬು ಸೊಟ್ಟಗಾಯಿತೆಂದು ಜಗಳವಾಡಿದರು. ಆ ಜಗಳ ಕೇಳಿ ನನಗೆ ಜೀವ ಬಂತು.

ದನ ನೋಡಿಕೊಳ್ಳುವವಳಿಗೆ ನಂಬರು ಬೇಕೆಂದು ಹೊಸ ಅರ್ಜಿ ಕೊಟ್ಟೆ. ಸಭೆಯಲ್ಲಿ ಅಧ್ಯಕ್ಷರು ನನ್ನನ್ನು ನಿಲ್ಲಿಸಿ ಕೇಳಿದರು. "ಎತ್ತು ಬಾವಿಗೆ ಬಿಟ್ಟೇನಿ ಅಂದಿದ್ದೆಲ್ಲೋ?"

"ಬ್ಯಾರೆ ಜೋಡಿ ಕಟ್ಟೇನ್ರಿ. ಎತ್ತು ಅಲ್ಲ ಅಂತ ತಾವು ಅಂದ್ರ, ಕೊಟ್ಟಿಗಿ ಖಾಲಿ ಅಂತ ಬರ್ಕೋರಿ. ಎತ್ತು ಹೌದಂದ್ರ, ಅವನ್ನ ನೋಡ್ಕೊಳ್ಳಾಕ ನಮ್ಮ ಗಂಗವ್ವ ಅದಾಳ್ರಿ."

ಎಲ್ಲರೂ ಇಂಜಿನಿಯರರ ಕಡೆ ನೋಡಿದರು. ಅವರು ತಮ್ಮ ಕೈಬರಹದ ಕಡೆ ನೋಡಿದರು. ಬರೆದದ್ದನ್ನು ಅಳಿಸುವುದಕ್ಕಿಂತ ಮಣ್ಣಿಗೆ ಜೀವ ಕೊಡುವುದು ಸರಕಾರಕ್ಕೆ ಸುಲಭ. ದಸರೆಗೆ ಮೊದಲೇ ನಂಬರು ಬಂತು. ಹಳೆಯ ವಾಡೆಯೊಂದರ ಸಾಗವಾನಿ ಬಾಗಿಲನ್ನು ಮೂರು ಗಿರಾಕಿಗಳಿಗೆ ಇಲ್ಲವೆಂದು ಹೇಳಿ ಇಟ್ಟುಕೊಂಡಿದ್ದೆ, ಅದನ್ನೇ ಕೂರಿಸಿದೆ. ಗಂಗವ್ವ ಅದನ್ನು ಮೊದಲ ಸಲ ಒಳಗಿನಿಂದ ಹಾಕಿಕೊಂಡಾಗ ನಾನು ಹೊರಗೇ ನಿಂತಿದ್ದೆ. ಚಿಲಕದ ಸದ್ದು ಚಲೋ ಬಂತು.

ಈಗ ಗ್ವಾದಲಿಯ ಮೇಲೆ ರೊಟ್ಟಿಯ ಬುಟ್ಟಿಗಳು, ಒಂದು ಮೂಲೆಯಲ್ಲಿ ಎತ್ತುಗಳು. ಪರಿಶೀಲನೆಗೆ ಬಂದವರಿಗೆ ಮೊದಲು ಮೇವು ಕಾಣುತ್ತದೆ, ಆಮೇಲೆ ರೊಟ್ಟಿ ಸಿಗುತ್ತದೆ.

ಆದ್ದರಿಂದ ನಿಮ್ಮ ಹಿತ್ತಲಲ್ಲೂ ಒಂದು ಕೊಟ್ಟಿಗೆ ಇದ್ದರೆ ನನ್ನ ಮಾತು ಕೇಳಿ. ಅದು ಖಾಲಿ ಎಂದು ಅಪ್ಪಿತಪ್ಪಿಯೂ ಹೇಳಬೇಡಿ. ಖಾಲಿಯನ್ನು ಸಾಬೀತು ಮಾಡಿದವರನ್ನು ನಾನು ಕಂಡಿಲ್ಲ. ಗ್ವಾದಲಿ ಕೆಡವಬೇಡಿ. ಕಡುಬು ಕೊಡಿ, ಆದರೆ ಸಾಹೇಬರು ಏನು ಬರೆದರೆಂದು ನೋಡಿದ ಮೇಲೆ ಕೊಡಿ. ಮತ್ತು ಎತ್ತುಗಳ ಮೇಲೆ ಸೂರಿನ ನೀರು ಬೀಳದಂತೆ ನೋಡಿಕೊಳ್ಳಿ. ಅವು ಕರಗಿದ ದಿನ ತಂಗಿಯ ಮನೆಯೂ ಕರಗುತ್ತದೆ.